ಇಕ್ಕಟ್ಟಿನ ಮನೆಗೆ ಅರೆಪಾರದರ್ಶಕ ಗೋಡೆಫಲಕ: ಯಾವುದು, ಎಲ್ಲಿ ಹಾಕಿಸುವುದು ಸೂಕ್ತ?

ಪ್ರಶ್ನೆ

ಬೆಂಗಳೂರಿನ 30×40 ನಿವೇಶನದಲ್ಲಿರುವ ನಮ್ಮ ಮನೆಯ ಉತ್ತರ ಹಾಗೂ ಪಶ್ಚಿಮಕ್ಕೆ ಎರಡಂತಸ್ತಿನ ಮನೆಗಳು ತೀರ ಹತ್ತಿರದಲ್ಲಿ ಎದ್ದಿರುವುದರಿಂದ, ಊಟದ ಕೋಣೆಯಲ್ಲೂ ಮೆಟ್ಟಿಲಿನಲ್ಲೂ ನಡುಹಗಲಿನಲ್ಲೇ ದೀಪ ಹಾಕಬೇಕಾಗಿದೆ. ಕಿಟಕಿ ಇಟ್ಟರೆ ಪಕ್ಕದವರ ಅಡುಗೆಮನೆ ನೇರವಾಗಿ ಕಾಣುತ್ತದೆ. ಪರದೆ ಎಳೆದರೆ ಕಿಟಕಿ ಇದ್ದೂ ಪ್ರಯೋಜನವಿಲ್ಲ. ಗೋಡೆಯ ಒಂದು ಭಾಗವನ್ನು ತೆಗೆದು ಗಾಜಿನ ಇಟ್ಟಿಗೆಯನ್ನೋ ಪಾಲಿಕಾರ್ಬೊನೇಟ್ (ಬೆಳಕು ಹಾಯುವ ಗಟ್ಟಿ ಪ್ಲಾಸ್ಟಿಕ್) ಫಲಕವನ್ನೋ ಕೂರಿಸಬೇಕೆಂದಿದ್ದೇವೆ. ಸೆಕೆ ಹೆಚ್ಚಬಹುದೇ? ಯಾವುದು ಹೆಚ್ಚು ಬಾಳುತ್ತದೆ?

ಉತ್ತರ 1

ಫಲಕವು ತನ್ನ ಮೇಲೆ ಬಿದ್ದಷ್ಟು ಬೆಳಕಿನಲ್ಲಿ ಒಂದು ಪಾಲನ್ನು ಮಾತ್ರ ಒಳಗೆ ಬಿಡಬಲ್ಲದು. ಆದ್ದರಿಂದ ಯಾವ ವಸ್ತು ಎಂದು ಯೋಚಿಸುವ ಮೊದಲು, ಅದು ಕೂರುವ ಜಾಗದಿಂದ ಎಷ್ಟು ಆಕಾಶ ಕಾಣುತ್ತದೆ ಎಂಬುದನ್ನು ನೋಡಿಕೊಳ್ಳಿ. ಎರಡು ಗೋಡೆಗಳ ಸಂದಿಯಲ್ಲಿ ನೆಲಮಹಡಿಗೆ ಸಿಗುವುದು ಆಕಾಶದ ಒಂದು ಸಣ್ಣ ಪಟ್ಟಿಯಷ್ಟೇ. ಊಟದ ಕೋಣೆಯ ಗೋಡೆಯನ್ನು ಒಡೆಸುವುದಕ್ಕಿಂತ, ತಾರಸಿಗೆ ಸಮೀಪದ ಮೆಟ್ಟಿಲಿನ ಗೋಡೆಯಲ್ಲಿ ಫಲಕ ಇರಿಸಿ, ಒಳಗೋಡೆಗಳಿಗೆ ಬಿಳಿ ಬಣ್ಣ ಬಳಿಸಿ, ಬೆಳಕು ಮೆಟ್ಟಿಲಿನ ಮೂಲಕವೇ ಕೆಳಗಿಳಿಯುವಂತೆ ಮಾಡುವುದು ಲೇಸು.

ಸೆಕೆಯ ಚಿಂತೆ ಪಶ್ಚಿಮದ ಗೋಡೆಗೆ ಸಲ್ಲುತ್ತದೆ. ಮಧ್ಯಾಹ್ನದ ನಂತರ ಓರೆಯಾಗಿ ಬೀಳುವ ಬಿಸಿಲನ್ನು ಹಾಲುಬಿಳುಪಿನ ಫಲಕ ಚದುರಿಸುತ್ತದೆಯೇ ಹೊರತು ಪೂರ್ತಿ ತಡೆಯುವುದಿಲ್ಲ. ಉತ್ತರ ದಿಕ್ಕಿನ ಗೋಡೆಯೇ ಉತ್ತಮ. ಆದರೂ ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಹಾಗಾಗಿ ಆ ಗೋಡೆಗೂ ಒಂದೂವರೆ ಅಡಿಯ ಸಜ್ಜಾ ಇರಲಿ.

ಉತ್ತರ 2

ಕಟ್ಟಡದ ಕೆಲಸ ಮಾಡಿಸುವವನಾಗಿ ನಾಲ್ಕು ಮಾತು ಸೇರಿಸುತ್ತೇನೆ. 190 ಮಿಲಿಮೀಟರ್ ಚೌಕದ ಗಾಜಿನ ಇಟ್ಟಿಗೆಗಳು ಚದರ ಮೀಟರಿಗೆ 25 ಬೇಕಾಗುತ್ತವೆ. ಇವು ಬಹುಕಾಲ ಬಾಳುತ್ತವೆ, ಹಳದಿಗಟ್ಟುವುದಿಲ್ಲ. ಆದರೆ ಭಾರ ಹೊರುವುದಿಲ್ಲ. ಹಳೆಯ ಗೋಡೆ ಒಡೆಯುವ ಮುನ್ನ ಮೇಲೆ ಲಿಂಟಲ್ (ಮೇಲಿನ ಗೋಡೆಯ ಭಾರ ಹೊರುವ ಅಡ್ಡತೊಲೆ) ಕೂರಿಸಲೇಬೇಕು, ಅದಕ್ಕೆ ಎಂಜಿನಿಯರರ ಒಪ್ಪಿಗೆಯೂ ಬೇಕು. ಮೇಲೆ ಮತ್ತು ಪಕ್ಕಗಳಲ್ಲಿ ಹಿಗ್ಗಲು ಸಂದು ಬಿಡದೆ ಸಿಮೆಂಟ್ ತುಂಬಿದರೆ ಇಟ್ಟಿಗೆ ಸೀಳುತ್ತದೆ.

ಪಾಲಿಕಾರ್ಬೊನೇಟ್ ಹಗುರ, ಕೂರಿಸುವುದು ಸುಲಭ. ಆದರೆ ಕೆಡುವುದೆಲ್ಲ ಕೂರಿಸುವಾಗಲೇ. ಅತಿನೇರಳೆ ಕಿರಣ ತಡೆಯುವ ಲೇಪನ ಸಾಮಾನ್ಯವಾಗಿ ಒಂದೇ ಮಗ್ಗುಲಿಗೆ ಇರುತ್ತದೆ, ಅದು ಹೊರಗೆ ಬರಬೇಕು. ಯಾವ ಮಗ್ಗುಲು ಎಂಬುದು ಅಂಟಿಸಿರುವ ತೆಳುಹಾಳೆಯ ಮೇಲೆ ಅಚ್ಚಾಗಿರುತ್ತದೆ. ಅದನ್ನು ಮೊದಲೇ ಕಿತ್ತೆಸೆದು ಹಿಂದುಮುಂದಾಗಿ ಕೂರಿಸಿದ ಫಲಕಗಳು ಬೇಗನೆ ಹಳದಿಯಾಗಿ ಪೆಡಸಾದದ್ದನ್ನು ಕಂಡಿದ್ದೇನೆ. ಪೊಳ್ಳು ಪದರದ ಹಾಳೆಯಾದರೆ ಅದರ ಒಳಗಿನ ಉದ್ದುದ್ದ ಕೊಳವೆಗಳು ಲಂಬವಾಗಿರಲಿ. ಮೇಲಿನ ಅಂಚನ್ನು ಅಲ್ಯೂಮಿನಿಯಂ ಟೇಪಿನಿಂದ ಮುಚ್ಚಿ, ಕೆಳಗಿನ ಅಂಚಿಗೆ ನೀರಾವಿ ಹೊರಹೋಗುವ ರಂಧ್ರದ ಟೇಪನ್ನೇ ಹಾಕಿಸಿ. ಇಲ್ಲವಾದರೆ ಕೊಳವೆಯೊಳಗೆ ಪಾಚಿ ಕಟ್ಟುತ್ತದೆ, ಅದನ್ನು ತೊಳೆಯುವುದು ಬಹಳ ಕಷ್ಟ. ಮೂರು ಮೀಟರ್ ಉದ್ದದ ಹಾಳೆ 40 ಡಿಗ್ರಿ ಉಷ್ಣತೆಯ ಏರಿಳಿತಕ್ಕೆ ಸುಮಾರು ಎಂಟು ಮಿಲಿಮೀಟರ್ ಹಿಗ್ಗುವುದರಿಂದ, ಸ್ಕ್ರೂ ತೂತುಗಳನ್ನು ತುಸು ದೊಡ್ಡದಾಗಿಯೇ ಕೊರೆಯಬೇಕು. ನಿಮ್ಮ ಹಳೆಯ ಗೋಡೆಯ ಎತ್ತರದ ಭಾಗಕ್ಕೆ ನಾನಾದರೆ 16 ಮಿಲಿಮೀಟರಿನ ಹಾಲುಬಿಳುಪಿನ ಹಾಳೆಯನ್ನೇ ಆರಿಸುತ್ತೇನೆ.

ಉತ್ತರ 3

ರಾತ್ರಿಯ ಬಗ್ಗೆ ಯಾರೂ ಹೇಳಲಿಲ್ಲ. ಒಳಗೆ ದೀಪ ಹಚ್ಚಿದಾಗ ಫಲಕದ ಹತ್ತಿರ ನಿಂತವರ ಆಕೃತಿ ಹೊರಗಿನವರಿಗೆ ನೆರಳಾಗಿ ಸ್ಪಷ್ಟವಾಗಿ ಕಾಣುತ್ತದೆ. ಹಿಂದೆ ಸರಿದಷ್ಟೂ ಮಸುಕಾಗುತ್ತದೆ. ಸ್ನಾನದ ಮನೆಗೋ ಮಲಗುವ ಕೋಣೆಗೋ ಇದೇ ಫಲಕ ಹಾಕಿಸುವುದಿದ್ದರೆ ತಲೆಯೆತ್ತರಕ್ಕಿಂತ ಮೇಲೆಯೇ ಹಾಕಿಸಿ. ಕರಾವಳಿಯ ಹೆಂಚಿನ ಮನೆಗಳಲ್ಲಿ ಸಾಲು ಹೆಂಚಿನ ನಡುವೆ ಒಂದೆರಡು ಗಾಜಿನ ಹೆಂಚು ಇಡುವ ರೂಢಿಯಿಂದಲೂ ಬೆಳಕು ಮೇಲಿನಿಂದಲೇ ಇಳಿಯುತ್ತದೆ. ಇನ್ನೊಂದು ವಿಷಯ, ಫಲಕದಿಂದ ಗಾಳಿ ಬಾರದು. ಮೆಟ್ಟಿಲಿನ ತುದಿಯಲ್ಲಿ ಬಿಸಿಗಾಳಿ ಸೇರಿಕೊಳ್ಳುವುದರಿಂದ ಫಲಕದ ಮೇಲಂಚಿನಲ್ಲಿ ಸೊಳ್ಳೆಪರದೆ ಇರುವ ಒಂದು ಅಡಿಯ ಲೂವರ್ (ಓರೆಪಟ್ಟಿಗಳ ಗಾಳಿಕಿಂಡಿ) ಇಡಿಸಲು ಈಗಲೇ ಹೇಳಿಬಿಡಿ. ಚೌಕಟ್ಟು ಕೂತ ಮೇಲೆ ಅದನ್ನು ಸೇರಿಸುವುದೆಂದರೆ ಇಡೀ ಕೆಲಸವನ್ನು ಬಿಚ್ಚಿದಂತೆ.