ಥೈರಾಯ್ಡ್ ರಿಪೋರ್ಟ್ ನಾರ್ಮಲ್, ಸುಸ್ತು ಮಾತ್ರ ಹಾಗೇ ಇದೆ

ಪ್ರಶ್ನೆ (ಸದಸ್ಯೆ, 38 ವರ್ಷ, ದಾವಣಗೆರೆ): ನಮಸ್ತೆ ಡಾಕ್ಟ್ರೇ. ಎರಡನೇ ಮಗು ಆದಮೇಲೆ ಹೈಪೋಥೈರಾಯ್ಡ್ (ಥೈರಾಯ್ಡ್ ಹಾರ್ಮೋನ್ ಕಡಿಮೆ) ಅಂತ ಗೊತ್ತಾಯ್ತು. ಈಗ ಅದಕ್ಕೆ ಥೈರೋನಾರ್ಮ್ 75 ಮಾತ್ರೆ ತಗೋತಿದ್ದೀನಿ. ಹೋದ ವಾರ ಥೈರಾಯ್ಡ್ ರಕ್ತಪರೀಕ್ಷೆಯಲ್ಲಿ ಟಿಎಸ್‌ಎಚ್ 2.8 ಬಂತು. "ಎಲ್ಲ ನಾರ್ಮಲ್, ಟೆನ್ಶನ್ ಕಡಿಮೆ ಮಾಡ್ಕೊಳ್ಳಿ" ಅಂದ್ರು. ಆದ್ರೆ ಮಧ್ಯಾಹ್ನ ಮೂರು ಗಂಟೆಗೆಲ್ಲ ಕೈಕಾಲು ಸೋತುಹೋಗುತ್ತೆ, ತಲೆ ಬಾಚಿದ್ರೆ ಕೂದಲು ಉಂಡೆಯಾಗಿ ಬರುತ್ತೆ, ಒಂದು ಮಹಡಿ ಹತ್ತಿದ್ರೆ ಏದುಸಿರು. ಮನೇಲಿ "ರಿಪೋರ್ಟ್ ಸರಿ ಇದೆಯಲ್ಲ, ಇನ್ನೇನು" ಅಂತಾರೆ. ಮಾತ್ರೆ 100ಕ್ಕೆ ಏರಿಸಿಕೊಳ್ಳಲಾ?

ವೈದ್ಯರು: ಏರಿಸಬೇಡಿ. ಆದರೆ ನಿಮ್ಮ ಸುಸ್ತು ನಿಜ, ಅದಕ್ಕೆ ಕಾರಣ ಹುಡುಕಲೇಬೇಕು. ಮಾತ್ರೆ ತೆಗೆದುಕೊಂಡು ಟಿಎಸ್‌ಎಚ್ ಸರಿಹೋದವರಲ್ಲೂ ನೂರಕ್ಕೆ ಐದರಿಂದ ಹತ್ತು ಜನರಿಗೆ ಸುಸ್ತು, ಮಂಕು ಉಳಿದುಕೊಳ್ಳುತ್ತದೆ ಎಂಬ ಅಂದಾಜಿದೆ. ಹೆಚ್ಚಿನ ಲ್ಯಾಬ್‌ಗಳಲ್ಲಿ ಟಿಎಸ್‌ಎಚ್ ಮಿತಿ ಸುಮಾರು 0.4ರಿಂದ 4. ಥೈರಾಯ್ಡ್ ಹಾರ್ಮೋನ್ ಸಾಲದಿದ್ದರೆ ಈ ಅಂಕಿ ಏರುತ್ತದೆ, ಹೆಚ್ಚಾದರೆ ಇಳಿಯುತ್ತದೆ. ನಿಮ್ಮ 2.8 ಹೇಳುತ್ತಿರುವುದು ಇಷ್ಟೇ: ಥೈರಾಯ್ಡ್ ಹಾರ್ಮೋನ್ ದೇಹಕ್ಕೆ ಸಾಕಷ್ಟು ಸಿಗುತ್ತಿದೆ. ಕಬ್ಬಿಣಾಂಶ, ಬಿ12, ನಿದ್ದೆ, ಮನಸ್ಸು ಹೇಗಿವೆ ಅಂತ ಆ ಒಂದು ಅಂಕಿ ಹೇಳಲಾರದು. ಸುಮ್ಮನೆ ಡೋಸ್ ಏರಿಸಿದರೆ ಎದೆ ಡವಡವ, ಕೈ ನಡುಕ ಶುರುವಾಗುತ್ತದೆ. ವರ್ಷಗಟ್ಟಲೆ ಹಾಗೇ ಬಿಟ್ಟರೆ ಮೂಳೆ ಸವೆಯುತ್ತದೆ, ಹೃದಯದ ಬಡಿತ ತಪ್ಪಬಹುದು.

ನನಗೆ ಕೆಲವು ವಿಷಯ ಬೇಕು. ಮುಟ್ಟಿನಲ್ಲಿ ಎಷ್ಟು ದಿನ, ಎಷ್ಟು ಹೋಗುತ್ತದೆ? ಊಟ ಸಸ್ಯಾಹಾರವೇ? ಗೊರಕೆ ಇದೆಯೇ? ಬೇರೆ ಯಾವ ಮಾತ್ರೆ? ಬೆಳಿಗ್ಗೆ ಮಾತ್ರೆಗೂ ಕಾಫಿಗೂ ಎಷ್ಟು ಅಂತರ?

ಪ್ರಶ್ನೆ ಕೇಳಿದವರು: ಏಳು ದಿನ ಹೋಗುತ್ತೆ. ಮೊದಲ ಮೂರು ದಿನ ಎರಡೆರಡು ಗಂಟೆಗೆ ಪ್ಯಾಡ್ ಬದಲಾಯಿಸಬೇಕು. ನಮ್ಮದು ಪೂರ್ತಿ ಸಸ್ಯಾಹಾರ. ಗೊರಕೆ ಇಲ್ಲ. ಗ್ಯಾಸ್ಟ್ರಿಕ್‌ಗೆ ಪ್ಯಾನ್ 40 ತುಂಬಾ ದಿನದಿಂದ ನಡೀತಿದೆ. ಕೂದಲಿಗೆ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ. ಥೈರಾಯ್ಡ್ ಮಾತ್ರೆ ನುಂಗಿ ಹತ್ತು ನಿಮಿಷಕ್ಕೆ ಕಾಫಿ. ಹಿಮೋಗ್ಲೋಬಿನ್ 12.2, ರಕ್ತಹೀನತೆ ಇಲ್ಲ ಅಂದಿದ್ದಾರೆ.

ವೈದ್ಯರು: ನನ್ನ ಗಮನ ಮೊದಲು ಹೋಗುವುದು ನಿಮ್ಮ ಮುಟ್ಟಿನ ಮೇಲೆ. ಇಷ್ಟು ರಕ್ತ ತಿಂಗಳು ತಿಂಗಳು ಹೋದರೆ ಮೊದಲು ಖಾಲಿಯಾಗುವುದು ಉಗ್ರಾಣದಲ್ಲಿ ಕೂಡಿಟ್ಟ ಕಬ್ಬಿಣ. ಹಿಮೋಗ್ಲೋಬಿನ್ ಇಳಿಯುವುದು ಎಷ್ಟೋ ತಿಂಗಳ ನಂತರ. ಹೆಂಗಸರಿಗೆ 12 ದಾಟಿದರೆ ಸಾಕು ಅಂತ ಅಲ್ಲಿಗೇ ನಿಲ್ಲಿಸುವುದರಿಂದ ಎಷ್ಟೋ ಹೆಣ್ಣುಮಕ್ಕಳ ಸುಸ್ತಿನ ಮೂಲ ಸಿಗದೇ ಹೋಗುತ್ತದೆ. ನನಗೆ ಬೇಸರವಾಗುವುದು ಇದಕ್ಕೇ. ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ, 30ಕ್ಕಿಂತ ಕಡಿಮೆ ಇದ್ದರೆ ದಾಸ್ತಾನು ಬರಿದಾಗಿದೆ ಎಂದೇ ಅರ್ಥ. ಕೂದಲು ಉದುರುವುದು, ಏದುಸಿರು ಎರಡಕ್ಕೂ ಅದು ಹೊಂದುತ್ತದೆ. ಜ್ವರ ಇದ್ದಾಗ ಮಾಡಿಸಬೇಡಿ, ಅಂಕಿ ಸುಳ್ಳೇ ಏರುತ್ತದೆ.

ಜೊತೆಗೆ ಬಿ12 ಕೂಡ. ಸಸ್ಯಾಹಾರ ಒಂದು ಕಾರಣ, ಪ್ಯಾನ್ 40 ದೀರ್ಘಕಾಲ ತಿಂದರೂ ಬಿ12 ಇಳಿಯುತ್ತದೆ.

ಬಯೋಟಿನ್ ಬಗ್ಗೆ ಎಚ್ಚರ: ಹೆಚ್ಚಿನ ಪ್ರಮಾಣದಲ್ಲಿದ್ದರೆ ಥೈರಾಯ್ಡ್ ಪರೀಕ್ಷೆಯನ್ನೇ ದಾರಿ ತಪ್ಪಿಸಿ ಟಿಎಸ್‌ಎಚ್ ಕಡಿಮೆ ತೋರಿಸಬಹುದು. ಕನಿಷ್ಠ ಎರಡು ದಿನ ನಿಲ್ಲಿಸಿ ಟಿಎಸ್‌ಎಚ್ ಇನ್ನೊಮ್ಮೆ ನೋಡೋಣ. ಅದೇ ಬೆಳಿಗ್ಗೆ ರಕ್ತ ಕೊಟ್ಟಮೇಲೆ ಥೈರಾಯ್ಡ್ ಮಾತ್ರೆ ನುಂಗಿ. ಕಾಫಿಗೆ ಅರ್ಧದಿಂದ ಒಂದು ಗಂಟೆ ಬಿಡಿ. ಮಾತ್ರೆ ಬಾಟಲಿ ಒಲೆಯ ಮೇಲಿನ ಶೆಲ್ಫಿನಲ್ಲಿದ್ದರೆ ತೆಗೆದು ತಂಪಾದ, ಒಣ ಜಾಗದಲ್ಲಿಡಿ.

ಇನ್ನೊಬ್ಬ ಸದಸ್ಯೆ (ನ್ಯೂಜೆರ್ಸಿ): ಇಲ್ಲಿ ಹಂದಿಯ ಥೈರಾಯ್ಡ್ ಒಣಗಿಸಿ ಮಾಡಿದ ಮಾತ್ರೆಯಲ್ಲಿ ಟಿ3 ಕೂಡ ಇರುತ್ತೆ, ಅದರಿಂದ ಹುಷಾರಾದೆ ಅಂತ ಗೆಳತಿ ಹೇಳ್ತಾಳೆ. ಅದು ಒಳ್ಳೇದಾ?

ವೈದ್ಯರು: ಟಿ4, ಟಿ3 ಎರಡೂ ಥೈರಾಯ್ಡ್ ಹಾರ್ಮೋನ್‌ಗಳು; ಥೈರೋನಾರ್ಮ್‌ನಲ್ಲಿರುವುದು ಟಿ4 ಮಾತ್ರ. ಹಂದಿಯ ಮಾತ್ರೆ ಕೆಲವರಿಗೆ ಹಿತವೆನಿಸುವುದುಂಟು. ಆದರೆ ಟಿ4 ಜೊತೆ ಟಿ3 ಕೊಟ್ಟು ನೋಡಿದ ಅಧ್ಯಯನಗಳಲ್ಲಿ ಸರಾಸರಿ ಲಾಭ ಸ್ಪಷ್ಟವಾಗಿ ಕಂಡಿಲ್ಲ. ನಮ್ಮ ಗ್ರಂಥಿ ಸುಮಾರು ಹದಿನಾಲ್ಕು ಪಾಲು ಟಿ4ಗೆ ಒಂದು ಪಾಲು ಟಿ3 ಬಿಡುತ್ತದೆ. ಹಂದಿಯದರಲ್ಲಿ ನಾಲ್ಕಕ್ಕೆ ಒಂದು. ನಮಗೆ ಟಿ3 ಜಾಸ್ತಿಯಾಯಿತು. ಬೇರೆ ಕಾರಣಗಳನ್ನೆಲ್ಲ ನೋಡಿ ಮುಗಿಸಿದ ಮೇಲೆ, ಎಂಡೋಕ್ರೈನಾಲಜಿಸ್ಟ್ (ಹಾರ್ಮೋನ್ ತಜ್ಞರು) ನಿಗಾದಲ್ಲಿ ಟಿ3 ಪ್ರಯತ್ನಿಸಬಹುದು. ಗರ್ಭಿಣಿಯರಿಗೆ, ಹೃದಯದ ತೊಂದರೆ ಇರುವವರಿಗೆ ಬೇಡ.

ಪ್ರಶ್ನೆ ಕೇಳಿದವರು: ಡಾಕ್ಟ್ರೇ, ಫೆರಿಟಿನ್ 9! ಬಿ12 ಪರವಾಗಿಲ್ಲ. ಬಯೋಟಿನ್ ಬಿಟ್ಟು ಮಾಡಿಸಿದ ಟಿಎಸ್‌ಎಚ್ 3.1. ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದಾರೆ. ಎಷ್ಟು ದಿನಕ್ಕೆ ಸರಿಹೋಗುತ್ತೆ?

ವೈದ್ಯರು: ಸುಸ್ತು ಕೆಲವು ವಾರಗಳಲ್ಲಿ ಸಡಿಲವಾಗಬೇಕು, ಕೂದಲಿಗೆ ಮೂರ್ನಾಲ್ಕು ತಿಂಗಳು ಹಿಡಿಯುತ್ತದೆ. ಹುಷಾರಾಯಿತು ಅಂತ ನಡುವೆ ಬಿಡಬೇಡಿ, ದಾಸ್ತಾನು ತುಂಬಲು ತಿಂಗಳುಗಳೇ ಬೇಕು. ಕಬ್ಬಿಣ ಮತ್ತು ಥೈರಾಯ್ಡ್ ಮಾತ್ರೆ ನಡುವೆ ನಾಲ್ಕು ಗಂಟೆ ಅಂತರ ಇರಲಿ, ಇಲ್ಲದಿದ್ದರೆ ಕಬ್ಬಿಣ ಅದನ್ನು ಹೊಟ್ಟೆಯಲ್ಲೇ ಹಿಡಿದಿಡುತ್ತದೆ. ಮಧ್ಯಾಹ್ನ ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಿ, ಕಾಫಿ ಟೀ ಜೊತೆ ಬೇಡ. ಆರರಿಂದ ಎಂಟು ವಾರಕ್ಕೆ ಟಿಎಸ್‌ಎಚ್ ಮತ್ತೆ ನೋಡಿಸಿ. ಮತ್ತೆ, ಇಷ್ಟು ರಕ್ತ ಯಾಕೆ ಹೋಗುತ್ತಿದೆ? ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ) ಇರಬಹುದು. ಸ್ತ್ರೀರೋಗ ತಜ್ಞರನ್ನು ಕಂಡು ಹೊಟ್ಟೆಯ ಸ್ಕ್ಯಾನಿಂಗ್ ಈ ತಿಂಗಳೇ ಮಾಡಿಸಿ, ಆ ರಿಪೋರ್ಟನ್ನೂ ಇಲ್ಲಿ ಬರೆಯಿರಿ.