ಬಸಿರಿಗೆ ಮುಂಚೆ ರುಬೆಲ್ಲಾ, ಚಿಕನ್‌ಪಾಕ್ಸ್ ವಿಚಾರಿಸಿಕೊಳ್ಳಿ (ಯುಕೆಯಲ್ಲಿ ಇರುವವರಿಗೆ)

ನಿನ್ನೆ ಯುಕೆಯಲ್ಲಿರುವ ನಮ್ಮ ಈ ಗುಂಪಿನಲ್ಲಿ ಒಬ್ಬರು ಕೇಳಿದ್ದರು: ಬಸಿರಿನ ಮೊದಲ ಅಪಾಯಿಂಟ್‌ಮೆಂಟಿನಲ್ಲೇ ಮಿಡ್‌ವೈಫ್ (ಬಸಿರು, ಹೆರಿಗೆ ನೋಡಿಕೊಳ್ಳುವವರು) ನಮ್ಮ ಎಥ್ನಿಸಿಟಿ, ಅಂದರೆ ಜನಾಂಗೀಯ ಮೂಲ, ಯಾಕೆ ಬರೆದುಕೊಳ್ಳುತ್ತಾರೆ ಅಂತ. ಕೆಲವರು "ಸುಮ್ನೆ ಫಾರ್ಮಾಲಿಟಿ" ಅಂದರು. ಇನ್ನು ಕೆಲವರು "ಏಷ್ಯನ್ನರಿಗೆ ರಕ್ತದಲ್ಲೇ ರಿಸ್ಕ್ ಜಾಸ್ತಿ" ಅಂದರು. ನನಗೆ ಎರಡೂ ಸರಿ ಅನ್ನಿಸಲಿಲ್ಲ. ಯಾಕೆ ಅಂತ ಹೇಳುತ್ತೇನೆ; ರುಬೆಲ್ಲಾ, ಚಿಕನ್‌ಪಾಕ್ಸ್‌ಗೂ ಇದಕ್ಕೂ ನಂಟಿದೆ.

ಫಾರ್ಮಾಲಿಟಿ ಅಲ್ಲ ಅಂತ ಕೋವಿಡ್ ಕಾಲದಲ್ಲೇ ಗೊತ್ತಾಯಿತು. 2020ರ ಮಾರ್ಚ್ 1ರಿಂದ ಏಪ್ರಿಲ್ 14ರವರೆಗೆ ಕೋವಿಡ್ ಬಂದು ಯುಕೆ ಆಸ್ಪತ್ರೆ ಸೇರಿದ ಗರ್ಭಿಣಿಯರು 427. ಅವರಲ್ಲಿ ಅರ್ಧಕ್ಕಿಂತ ಹೆಚ್ಚು, ಶೇ. 56ರಷ್ಟು ಜನ ಕಪ್ಪು ಮತ್ತಿತರ ಅಲ್ಪಸಂಖ್ಯಾತ ಸಮುದಾಯದವರು. ಏಷ್ಯನ್ನರೇ ನಾಲ್ಕರಲ್ಲಿ ಒಬ್ಬರು. ಲಂಡನ್‌ನಂಥ ಊರುಗಳನ್ನು ಲೆಕ್ಕದಿಂದ ತೆಗೆದರೂ, ವಯಸ್ಸು, ತೂಕ, ಬೇರೆ ಕಾಯಿಲೆಗಳನ್ನು ಹೊಂದಿಸಿ ನೋಡಿದರೂ ಈ ವ್ಯತ್ಯಾಸ ಉಳಿಯಿತು. ಆಮೇಲೆ ಜೂನ್‌ನಲ್ಲಿ ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಇಂಗ್ಲೆಂಡ್ ಹೆರಿಗೆ ವಿಭಾಗಗಳಿಗೆಲ್ಲ ಹೇಳಿತು: ಈ ತಾಯಂದಿರು ಫೋನ್ ಮಾಡಿದರೆ ಬೇಗ ಪರೀಕ್ಷೆಗೆ ಕರೆಯಿರಿ, ಎಥ್ನಿಸಿಟಿ, ಪೋಸ್ಟ್‌ಕೋಡ್ ದಾಖಲಿಸಿ ಅಂತ.

ಪೋಸ್ಟ್‌ಕೋಡ್ ಯಾಕೆ? ಬಡ ಬಡಾವಣೆಯೋ ಅಲ್ಲವೋ ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ. ವೈರಸ್‌ಗೆ ಮೈಬಣ್ಣ ಕಾಣುವುದಿಲ್ಲ. ಕೇರ್ ಹೋಮ್, ಬಸ್ಸು, ಅಂಗಡಿ, ವಾರ್ಡುಗಳಲ್ಲಿ ದುಡಿಯುವವರಿಗೆ ಮನೆಯಿಂದ ಕೆಲಸ ಮಾಡುವ ಅವಕಾಶ ಇರಲಿಲ್ಲ. ಎರಡು ಕೋಣೆಯ ಮನೆಯಲ್ಲಿ ಆರು ಜನ ಇದ್ದರೆ ಬೇರೆ ಇರುವುದಾದರೂ ಎಲ್ಲಿ? ಐಟಿ ಕೆಲಸದಲ್ಲಿ ಇರುವ ನಮ್ಮಲ್ಲಿ ಅನೇಕರು ಅಷ್ಟರಮಟ್ಟಿಗೆ ಅದೃಷ್ಟವಂತರು. ಆದರೆ ಕೇರ್ ವೀಸಾದಲ್ಲಿ ಬಂದವರೂ ಈ ಗುಂಪಿನಲ್ಲಿ ಇದ್ದಾರೆ, ಅವರನ್ನು ಮರೆಯಬೇಡಿ.

ಈಗ ನಮಗೆ ನೇರವಾಗಿ ತಟ್ಟುವ ಮಾತು. "ನನಗೆ ಚಿಕ್ಕಂದಿನಲ್ಲೇ ಎಲ್ಲಾ ಲಸಿಕೆ ಹಾಕಿಸಿದ್ದಾರೆ" ಅಂತ ಎಷ್ಟೋ ಜನ ಹೇಳುತ್ತಾರೆ. ಹಾಕಿಸಿರುತ್ತಾರೆ, ನಿಜ. ಆದರೆ ಭಾರತದ ಆಗಿನ ಸರ್ಕಾರಿ ಪಟ್ಟಿಯಲ್ಲಿ ದಡಾರದ ಲಸಿಕೆ ಇತ್ತು, ರುಬೆಲ್ಲಾ (ಜರ್ಮನ್ ದಡಾರ) ಇರಲಿಲ್ಲ. ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಅಭಿಯಾನ ಶುರುವಾಗಿದ್ದು 2017ರ ಫೆಬ್ರವರಿಯಲ್ಲಿ, ಅದೂ 15 ವರ್ಷದೊಳಗಿನ ಮಕ್ಕಳಿಗೆ. ಅಂದರೆ ಈಗ ಇಲ್ಲಿ ತಾಯಿ ಆಗುತ್ತಿರುವ ಬಹುಪಾಲು ಜನ ಅದರಿಂದ ಹೊರಗೆ. ಖಾಸಗಿ ಡಾಕ್ಟರ್ ಬಳಿ ಎಂಎಂಆರ್ (ದಡಾರ, ಮಂಗನಬಾವು, ರುಬೆಲ್ಲಾ ಮೂರಕ್ಕೂ ಒಂದೇ ಲಸಿಕೆ) ಹಾಕಿಸಿದ್ದರೆ ಬೇರೆ ಮಾತು. ಬಸಿರಿನ ಮೊದಲ 8–10 ವಾರದಲ್ಲಿ ರುಬೆಲ್ಲಾ ತಗುಲಿದರೆ 10ರಲ್ಲಿ 9 ಮಕ್ಕಳವರೆಗೆ ತೊಂದರೆ ಆಗಬಹುದು: ಕಿವುಡು, ಕಣ್ಣಿನ ಪೊರೆ, ಹೃದಯದ ದೋಷ. ಇಂಗ್ಲೆಂಡಿನಲ್ಲಿ ರೋಗ ತೀರಾ ಅಪರೂಪವಾದ ಮೇಲೆ 2016ರ ಏಪ್ರಿಲ್‌ನಿಂದ ಗರ್ಭಿಣಿಯರಿಗೆ ಇದರ ರಕ್ತಪರೀಕ್ಷೆಯನ್ನೇ ನಿಲ್ಲಿಸಿದರು. ಹಾಗಾಗಿ ನೀವಾಗಿ ಬಾಯಿ ಬಿಡದಿದ್ದರೆ ಯಾರಿಗೂ ಗೊತ್ತಾಗದೆ ಹೋಗಬಹುದು. ಎಂಎಂಆರ್ ಎರಡು ಡೋಸ್ ಆಗದವರಿಗೆ ಎನ್‌ಎಚ್‌ಎಸ್‌ನಲ್ಲಿ ಯಾವ ವಯಸ್ಸಿನಲ್ಲೂ ಉಚಿತ. ಹಾಕಿಸಿಕೊಂಡ ಮೇಲೆ ಒಂದು ತಿಂಗಳು ಬಸಿರಾಗದಂತೆ ನೋಡಿಕೊಳ್ಳಬೇಕು, ಅಷ್ಟೇ.

ಚಿಕನ್‌ಪಾಕ್ಸ್ (ಸೀತಾಳೆ ಸಿಡುಬು, ಊರಲ್ಲಿ "ಅಮ್ಮ" ಅನ್ನುವುದು) ಕತೆ ಇನ್ನೂ ವಿಚಿತ್ರ. ಇಲ್ಲಿ ಬೆಳೆದವರಿಗೆ ಚಿಕ್ಕ ವಯಸ್ಸಿನಲ್ಲೇ ಬಂದು ಹೋಗಿರುತ್ತದೆ, ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನರಿಗೆ ರಕ್ಷಣೆ ಇದೆ. ಬಿಸಿ ದೇಶಗಳಲ್ಲಿ ಅದು ಅಷ್ಟು ಸಣ್ಣ ವಯಸ್ಸಿಗೆ ಬರುವುದಿಲ್ಲ. ಹಾಗಾಗಿ ರಕ್ಷಣೆ ಇಲ್ಲದೆ ಬಸಿರಾಗುವವರು ನಮ್ಮಲ್ಲೇ ಜಾಸ್ತಿ. ದೊಡ್ಡ ಮಗು ನರ್ಸರಿಯಿಂದ ತಂದರೆ ಬಸುರಿ ತಾಯಿಗೆ ನ್ಯುಮೋನಿಯಾ ತನಕ ಹೋಗಬಹುದು. ಊರಿಗೆ ಫೋನ್ ಮಾಡಿ "ನನಗೆ ಅಮ್ಮ ಆಗಿತ್ತಾ?" ಅಂತ ಕೇಳಿ. ಹಿರಿಯರು ದಡಾರಕ್ಕೂ ಇದಕ್ಕೂ ಒಂದೇ ಹೆಸರು ಹೇಳುವುದುಂಟು, ಅನುಮಾನ ಇದ್ದರೆ ರಕ್ತಪರೀಕ್ಷೆಯೇ ಗತಿ. ಬಸಿರಿನಲ್ಲಿ ಚಿಕನ್‌ಪಾಕ್ಸ್ ಇರುವವರ ಜೊತೆ ಒಂದೇ ಕೋಣೆಯಲ್ಲಿ 15 ನಿಮಿಷ ಇದ್ದರೂ ಅವತ್ತೇ ಮಿಡ್‌ವೈಫ್‌ಗೆ ಫೋನ್ ಮಾಡಿ. ಗುಳ್ಳೆ ಏಳಲಿ ಅಂತ ಕಾಯಬೇಡಿ.

ಎಲ್ಲದರಲ್ಲೂ ನಮಗೇ ಅಪಾಯ ಹೆಚ್ಚು ಅಂತಲೂ ಅಲ್ಲ. ಸಿಎಂವಿ ಅಂತ ಒಂದು ವೈರಸ್ ಇದೆ, ಹುಟ್ಟುವ ಮಕ್ಕಳ ಕಿವುಡುತನಕ್ಕೆ ದೊಡ್ಡ ಕಾರಣ. ಇಂಗ್ಲೆಂಡಿನ ಬ್ರಾಡ್‌ಫರ್ಡ್‌ನಲ್ಲಿ ಗರ್ಭಿಣಿಯರ ರಕ್ತ ನೋಡಿದಾಗ ಅದು ಮೊದಲೇ ಬಂದು ಹೋಗಿದ್ದ ಗುರುತು ಬಿಳಿ ಬ್ರಿಟಿಷರಲ್ಲಿ ಶೇ. 49, ಇಲ್ಲೇ ಹುಟ್ಟಿದ ದಕ್ಷಿಣ ಏಷ್ಯನ್ನರಲ್ಲಿ ಶೇ. 89, ದಕ್ಷಿಣ ಏಷ್ಯಾದಲ್ಲೇ ಹುಟ್ಟಿ ಬಂದವರಲ್ಲಿ ಶೇ. 98. ಬಸಿರಿನಲ್ಲೇ ಮೊದಲ ಸಲ ತಗುಲಿದರೆ ಮಗುವಿಗೆ ದಾಟುವ ಸಾಧ್ಯತೆ ಜಾಸ್ತಿ, ಆ ಲೆಕ್ಕದಲ್ಲಿ ನಾವು ಸ್ವಲ್ಪ ಗೆದ್ದೆವು. ಪೂರ್ತಿ ಅಲ್ಲ: ಹಳೆಯ ಸೋಂಕು ಮತ್ತೆ ಕೆರಳಿಯೂ ದಾಟಬಹುದು. ಪುಟ್ಟ ಮಗುವಿನ ಎಂಜಲು ತಿನ್ನಬೇಡಿ, ನ್ಯಾಪಿ ಬದಲಿಸಿ ಕೈ ತೊಳೆಯಿರಿ. ರಕ್ತದ ಮಾತು ಆಡಿದವರು ಇದನ್ನೂ ನೋಡಿ: ಒಂದೇ ಮೂಲದ ಹೆಂಗಸರು, ಹುಟ್ಟಿದ ಊರು ಬೇರೆ ಆದರೆ ಅಂಕಿ ಬೇರೆ.

ಭಾಷೆಯದೂ ಒಂದು ತೊಡಕು. ಗಂಡ ಅನುವಾದ ಮಾಡುತ್ತಾ ಅರ್ಧ ನುಂಗಿಬಿಡುತ್ತಾರೆ (ಬೇಜಾರಾಗಬೇಡಿ ಮಹನೀಯರೇ). ಇಂಗ್ಲಿಷ್ ಸಲೀಸಾಗಿ ಬರದವರು ದುಭಾಷಿ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ, ದುಡ್ಡು ಕೊಡಬೇಕಿಲ್ಲ.

20 ವಾರ ಆಗಿದೆ, ಈಗ ಎಂಎಂಆರ್ ಹಾಕಿಸಬಹುದಾ ಅಂತ ಕೇಳಿದವರಿಗೆ: ಈಗ ಬೇಡ, ಅದು ಜೀವಂತ ಲಸಿಕೆ (ದುರ್ಬಲಗೊಳಿಸಿದ ಜೀವಂತ ವೈರಸ್ ಇರುವಂಥದ್ದು). ಹೆರಿಗೆ ಆದಮೇಲೆ ಹಾಕಿಸಿ, ಹಾಲುಣಿಸುತ್ತಿದ್ದರೂ ಅಡ್ಡಿಯಿಲ್ಲ. ಫ್ಲೂ ಕಾಲ ಆಗಿದ್ದರೆ ಫ್ಲೂ ಲಸಿಕೆ ಈಗಲೇ ಆಗುತ್ತದೆ. 28 ವಾರ ತುಂಬಿದ ಮೇಲೆ ಆರ್‌ಎಸ್‌ವಿ (ಎಳೆಮಕ್ಕಳ ಶ್ವಾಸಕೋಶಕ್ಕೆ ತಗಲುವ ವೈರಸ್) ಲಸಿಕೆ ಕೇಳಿ.