ಟೆಂಡನ್‌ಗೆ ಏನನ್ನಬೇಕು? ನಾಳೆ ಬೆಳಿಗ್ಗೆ ಗೋಡೆಗೆ ಅಂಟಿಸಬೇಕು

ತಿಗುರಿ:
ಎಲ್ಲರಿಗೂ ನಮಸ್ಕಾರ. ಮಡಕೆ ಮಾಡುವವರಿಗೆ ಕೈನೋವಿನ ಬಗ್ಗೆ ಒಂದು ಹಾಳೆ ಕನ್ನಡಕ್ಕೆ ತರುತ್ತಿದ್ದೇನೆ. ತಿಗುರಿಯ, ಅಂದರೆ ಮಡಕೆ ಮಾಡುವ ಚಕ್ರದ, ಎದುರಿನ ಗೋಡೆಗೆ ಅಂಟಿಸುವಂಥದ್ದು. ಎರಡು ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಒಂದು ಸಾಲು ಟೆಂಡನ್, ಅಂದರೆ ಮಾಂಸವನ್ನು ಮೂಳೆಗೆ ಕಟ್ಟುವ ಹಗ್ಗದಂಥದ್ದರ ನೋವಿನದು. ಇನ್ನೊಂದು ನರ್ವ್, ಅಂದರೆ ಮುಟ್ಟಿದ್ದು ನೊಂದದ್ದರ ಸುದ್ದಿಯನ್ನು ಮಿದುಳಿಗೆ ಒಯ್ಯುವಂಥದ್ದು, ಒತ್ತಿಕೊಂಡಾಗ ಬರುವ ನೋವಿನದು. ಆಡುಮಾತಿನಲ್ಲಿ ಎರಡೂ ‘ನರ’. ‘ನರ ಎಳೆದಿದೆ’ ಅಂದರೆ ಯಾವುದು ಎಳೆದಿದೆ? ಹಾಳೆಯ ಉದ್ದೇಶವೇ ಎರಡನ್ನೂ ಬೇರೆ ಮಾಡಿ ತೋರಿಸುವುದು. ಪಠ್ಯಪುಸ್ತಕದ ‘ಸ್ನಾಯುರಜ್ಜು’ ಗೊತ್ತಿದೆ, ಅದು ಬೇಡ. ಮಣ್ಣು ಮೆತ್ತಿದ ಕೈಯವರು ಓದುವ ಹಾಳೆ ಇದು. ದಯವಿಟ್ಟು ಇವತ್ತೇ ಹೇಳಿ.

ಹಳೇ ಮೇಷ್ಟ್ರು:
ಬೇಡ ಅನ್ನುವುದಕ್ಕೆ ಸರಿಯಾದ ಕಾರಣ ನೀವು ಕೊಟ್ಟಿಲ್ಲ, ನಾನು ಕೊಡುತ್ತೇನೆ. ಕನ್ನಡ ಪಠ್ಯಗಳು ‘ಸ್ನಾಯು’ವನ್ನು ಮಸಲ್ ಮಾಡಿಟ್ಟಿವೆ. ಆಯುರ್ವೇದದ ಸುಶ್ರುತ ಸಂಹಿತೆಯಲ್ಲಿ ದೇಹರಚನೆ ಹೇಳುವ ಶಾರೀರಸ್ಥಾನ ನೋಡಿ. ಅಲ್ಲಿ ಪೇಶಿ 500, ಸ್ನಾಯು 900, ಸಿರೆ 700, ಕಂಡರ 16. ಮಸಲ್ ಅಂದರೆ ಪೇಶಿ. ಸ್ನಾಯು ಕಟ್ಟುವಂಥದ್ದು. ದಪ್ಪ ಹಗ್ಗದಂಥದ್ದು ಕಂಡರ. ನಿಮಗೆ ಬೇಕಾದ ಪದ ‘ಕಂಡರ’. ಮುಗಿಯಿತು.

ಸೊಲ್ಲು:
ಸಕ್ಕದದ (ಸಂಸ್ಕೃತದ) ಕಂಡರವನ್ನು ಕುಂಬಾರರ ತಲೆಗೆ ಕಟ್ಟೋದು ಯಾಕೆ? ನರ ನಮ್ಮದೇ ಪದ. ತಮಿಳಿನ ನರಂಬು ಇದರ ನೆಂಟ. ಹಳೆ ತಮಿಳಿನಲ್ಲಿ ಯಾಳ್ ಅನ್ನೋ ವಾದ್ಯದ ತಂತಿಗೂ ನರಂಬು ಅಂತಲೇ ಹೆಸರು. ಅಂದರೆ ಬಿಗಿದು ಕಟ್ಟಿದ್ದು, ಎಳೆಯುವಂತದ್ದು. ನಾರು ಕೂಡ ಇದೇ ಬೇರಿನಿಂದ ಬಂದದ್ದು. ಮೊದಲಿಗೆ ನರ ಅಂದರೆ ಟೆಂಡನ್ನೇ ಇರಬೇಕು, ನರ‍್ವ್ ಅನ್ನೋ ಅರ‍್ತ ಆಮೇಲೆ ಅಂಟಿಕೊಂಡಿದ್ದು. ಹೀಗೆ ಹೊಸೆಯಬಹುದು: ಟೆಂಡನ್ ಎಳೆನರ, ಮೂಳೆಗೆ ಮೂಳೆ ಕಟ್ಟೋ ಲಿಗಮೆಂಟ್ ಕಟ್ಟುನರ, ನರ‍್ವ್ ಅರಿನರ. ಮೂರೂ ಒಂದೇ ಸಾಲಿನಲ್ಲಿ ಕೂರುತ್ತವೆ. ಎರವಲು ಬೇಕಿಲ್ಲ.

ಹಳೇ ಮೇಷ್ಟ್ರು:
ನಾರು ಬೇರೆ, ನರ ಬೇರೆ. ಬರೋ ಮತ್ತು ಎಮೆನೊ ಅವರ ದ್ರಾವಿಡ ಕೋಶದಲ್ಲಿ ಎರಡಕ್ಕೂ ಬೇರೆ ಬೇರೆ ನಮೂದು. ಕಿವಿಗೆ ಹತ್ತಿರ ಕೇಳಿಸಿದ್ದೆಲ್ಲ ಒಂದೇ ಬೇರಾಗುವುದಿಲ್ಲ.
ಇನ್ನು ‘ಎಳೆನರ’. ಎಳೆಗರು, ಎಳೆಬಿಸಿಲು, ಎಳೆನರ. ಮಕ್ಕಳ ನರ ಅಂತ ಓದುತ್ತಾರೆ. ಅಲ್ವಾ?

ಸೊಲ್ಲು:
ಬಳಸ್ತಾ ಹೋದರೆ ರೂಡಿ ಆಗತ್ತೆ. ಸಕ್ಕದಕ್ಕೆ ಮಾತ್ರ ಈ ಕೇಳ್ವಿ ಯಾರೂ ಕೇಳಲ್ಲ.

ಮುಂಗೈ:
ನಾನು ಪದದವನಲ್ಲ. ದಿನವೂ ಇಂಥ ಕೈಗಳಿಗೆ ವ್ಯಾಯಾಮ ಹೇಳಿಕೊಡುವವನು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.
ಮಣಿಕಟ್ಟಿನ ಅಂಗೈ ಕಡೆ ಒಂದು ಕಿರಿದಾದ ದಾರಿ ಇದೆ. ಅದರೊಳಗೆ ಬೆರಳು ಮಡಚುವ 9 ಟೆಂಡನ್‌ಗಳು ಹಾದುಹೋಗುತ್ತವೆ, ಜೊತೆಗೆ ಒಂದೇ ಒಂದು ನರ್ವ್. ಅಲ್ಲಿ ಜಾಗ ಬಿಗಿಯಾದರೆ ಪೆಟ್ಟು ಬೀಳುವುದು ಆ ಒಂದಕ್ಕೆ. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರಬೆರಳಿನ ಅರ್ಧ ಜೋಮು ಹಿಡಿಯುತ್ತವೆ. ಕಿರುಬೆರಳು ಆರಾಮಾಗಿರುತ್ತದೆ. ರಾತ್ರಿ ಜಾಸ್ತಿ. ಹತ್ತಕ್ಕೂ ‘ನರ’ ಅಂದುಬಿಟ್ಟರೆ ಯಾರಿಗೆ ಏನು ಹೇಳುವುದು?
ಮಡಕೆಯವರಲ್ಲಿ ಕಾಣುವ ಇನ್ನೊಂದು ನೋವು ಹೆಬ್ಬೆರಳ ಬುಡದ್ದು. ಸ್ವಿಸ್ ಶಸ್ತ್ರವೈದ್ಯ ಡಿ ಕರ್ವೇನ್ 1895ರಲ್ಲಿ ಅದನ್ನು ವಿವರಿಸಿದರು, ಹೆಸರೂ ಅವರದೇ ಉಳಿಯಿತು. ಹೆಬ್ಬೆರಳನ್ನು ಅಗಲಿಸುವ, ಎತ್ತುವ ಎರಡು ಟೆಂಡನ್‌ಗಳು ಮಣಿಕಟ್ಟಿನ ಪಕ್ಕ ಒಂದು ಕವಚದೊಳಗೆ ಜಾರುತ್ತವೆ. ಆ ಕವಚ ದಪ್ಪವಾಗಿ ಅವು ಸಲೀಸಾಗಿ ಜಾರುವುದಿಲ್ಲ. ಮಣ್ಣಿನ ಮುದ್ದೆಯನ್ನು ನಡುವಿಗೆ ತರುವಾಗ ಹೆಬ್ಬೆರಳು ಅಗಲಿಸಿ, ಮಣಿಕಟ್ಟು ಸೊಟ್ಟ ಮಾಡಿ ಒತ್ತುತ್ತೀರಲ್ಲ, ಆ ಹಿಡಿತ ಇದಕ್ಕೆ ಹೇಳಿ ಮಾಡಿಸಿದ್ದು. ಹೆಬ್ಬೆರಳನ್ನು ಮುಷ್ಟಿಯೊಳಗೆ ಇಟ್ಟು ಕೈಯನ್ನು ಕಿರುಬೆರಳ ಕಡೆ ಮೆಲ್ಲಗೆ ಬಾಗಿಸಿದಾಗ ಆ ಜಾಗದಲ್ಲೇ ಚುಳ್ ಅಂದರೆ ಅನುಮಾನ ಇದರ ಮೇಲೆ.
ಇನ್ನೊಂದು ಕೋರಿಕೆ. ಎಲ್ಲ ಟೆಂಡನ್ ನೋವಿಗೂ ‘ಉರಿಯೂತ’ ಅಂತ ಬರೆಯಬೇಡಿ. ಬಹಳ ಕಾಲ ಉಳಿದ ನೋವಿನಲ್ಲಿ ಅನೇಕ ಸಲ ಉರಿಯೂ ಇಲ್ಲ, ಊತವೂ ಇಲ್ಲ. ಎಳೆಗಳೇ ಹದಗೆಟ್ಟಿರುತ್ತವೆ. ಊತ ಇಳಿಸಿದರೆ ಸಾಕು ಅಂದುಕೊಂಡು ಮತ್ತೆ ಅದೇ ಭಾರಕ್ಕೆ ಕೈ ಹಾಕುತ್ತಾರೆ. ಟೆಂಡನ್ ನಿಧಾನದ ಪ್ರಾಣಿ. ಭಾರವನ್ನು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ ಹದಕ್ಕೆ ತರಬೇಕು. ಪೂರ್ತಿ ಕೈಕಟ್ಟಿ ಕೂತರೂ ಆಗುವುದಿಲ್ಲ.

ಸೊಲ್ಲು:
ಉರಿಯೂತ ಅಚ್ಚಗನ್ನಡ, ಎಶ್ಟು ಚೆನ್ನಾಗಿದೆ. ಅದನ್ನೂ ಬಿಡಿ ಅಂತೀರಾ?
ಬೆರಳು ಮಡಚಿ ಸಿಕ್ಕಿಕೊಂಡು ಟಕ್ ಅಂತ ಬಿಡುತ್ತಲ್ಲ, ಟ್ರಿಗರ್ ಪಿಂಗರ್, ಅದಕ್ಕೆ ‘ಕುದುರೆಬೆರಳು’. ಬಂದೂಕಿನ ಕುದುರೆ ಎಲ್ಲರಿಗೂ ಗೊತ್ತು.

ಮುಂಗೈ:
ಪದ ಚೆನ್ನಾಗಿದೆ ಅಂತ ಕಾಯಿಲೆ ಬದಲಾಗುವುದಿಲ್ಲ. ಕುದುರೆಬೆರಳು ಮಾತ್ರ ನನಗೆ ಇಷ್ಟವಾಯಿತು.

ಬರಿಮಾತು:
ಇಷ್ಟೆಲ್ಲ ಯಾಕೆ? ಟೆಂಡನ್ ಅಂತಲೇ ಬರೀರಿ. ಬಿಪಿ, ಶುಗರ್, ಕಿಡ್ನಿ ಎಲ್ಲರ ಬಾಯಲ್ಲೂ ಇದೆ. ‘ಮೂತ್ರಪಿಂಡ ನೋಯ್ತಿದೆ’ ಅಂತ ಯಾರು ಹೇಳ್ತಾರೆ?

ಸೊಲ್ಲು:
ಮೂಳೆ, ಕೀಲು, ಕರುಳು, ಗುಂಡಿಗೆ ಅಂತಾರಲ್ಲ. ಇರೋದನ್ನು ಬಿಟ್ಟು ಎರವಲಿಗೆ ಓಡೋದೇ ಚಟ.

ಹಳೇ ಮೇಷ್ಟ್ರು:
ಎರವಲು ಬೇಡ ಅನ್ನುವವರು ‘ಕುಂಬಾರ’ ಪದವನ್ನೂ ಬಿಡಿ. ಅದು ಕುಂಭಕಾರ.

ಸೊಲ್ಲು:
ತಿಗುರಿ ತಮಿಳಿನ ತಿಗಿರಿಯ ನೆಂಟ. ತಿರುಗೋ ಚಕ್ರ ನಮ್ಮದು, ಕೂತವನ ಹೆಸರು ಮಾತ್ರ ನಿಮ್ಮದು. ಇಟ್ಟುಕೊಳ್ಳಿ.

ತಿಗುರಿ:
ಹೆಸರಿಗೆ ಆಮೇಲೆ ಜಗಳ ಆಡೋಣ, ಹಾಳೆ ನಾಳೆಗೆ ಬೇಕು. ‘ಹುರಿ’ ಅಂದರೆ ಹೇಗೆ? ಮಾಂಸವನ್ನು ಮೂಳೆಗೆ ಕಟ್ಟಿದ ಹುರಿ.

ಹಳೇ ಮೇಷ್ಟ್ರು:
ಬೆನ್ನುಹುರಿ ಏನು? ನರಗಳ ಕಟ್ಟು. ಹುರಿ ಅಂದು ಮತ್ತೆ ನರಕ್ಕೇ ಬಂದಿರಿ. ಕಂಡರ ಎಂದು ಬರೆಯಿರಿ.

ತಿಗುರಿ:
ಬೆನ್ನುಹುರಿ ಬೆನ್ನಲ್ಲೇ ಇರುತ್ತದೆ ಮೇಷ್ಟ್ರೇ, ಕೈಗೆ ಬರುವುದಿಲ್ಲ. ‘ಬೆರಳೆಳೆಯುವ ಹುರಿ’ ಅಂತಲೇ ಹಾಕುತ್ತೇನೆ. ಸೊಲ್ಲು ಅವರ ‘ಎಳೆ’ ಇದರಲ್ಲಿದೆ, ಎಳೆಗರು ಇಲ್ಲ. ನರ್ವ್‌ಗೆ ಹೆಸರೇ ಹಾಕಿಲ್ಲ, ‘ಜೋಮು’ ಆ ಕೆಲಸ ಮಾಡುತ್ತದೆ. ನೋಡಿ:

‘ಹೆಬ್ಬೆರಳ ಬುಡದಲ್ಲಿ, ಮಣಿಕಟ್ಟಿನ ಪಕ್ಕ ನೋವೇ? ಬೆರಳೆಳೆಯುವ ಹುರಿ ದಣಿದಿದೆ. ಗಟ್ಟಿ ಮಣ್ಣು ಬೇಡ, ಮೆತ್ತಗೆ ಹದ ಮಾಡಿಕೊಳ್ಳಿ. ಮೊಣಕೈಯನ್ನು ತೊಡೆಗೆ ಊರಿ, ಮೈಭಾರದಿಂದ ಒತ್ತಿ. ಮಣಿಕಟ್ಟು ನೆಟ್ಟಗಿರಲಿ. ನಡುನಡುವೆ ಬೇರೆ ಕೆಲಸಕ್ಕೆ ಕೈ ಬದಲಿಸಿ.
ಬೆರಳು ಜೋಮು ಹಿಡಿದು ರಾತ್ರಿ ಎಚ್ಚರ ಆಗುತ್ತದೆಯೇ? ಹಿಡಿದದ್ದು ಕೈಜಾರುತ್ತದೆಯೇ? ಇದು ಹುರಿಯ ನೋವಲ್ಲ. ಡಾಕ್ಟರಿಗೆ ತೋರಿಸಿ.’

ಮುಂಗೈ:
ಸರಿಯಾಗಿದೆ. ಹೆಬ್ಬೆರಳ ನೋವು ಇಳಿಯದಿದ್ದರೂ ತೋರಿಸಿ ಅಂತ ಸೇರಿಸಿ. ಹೆಬ್ಬೆರಳು ಅಲುಗದಂತೆ ಹಿಡಿಯುವ ಪಟ್ಟಿ ಕೊಡುತ್ತಾರೆ, ಬೇಕಾದರೆ ಸ್ಟೀರಾಯ್ಡ್ ಇಂಜೆಕ್ಷನ್. ಅನೇಕರಿಗೆ ಅಷ್ಟರಲ್ಲೇ ಗುಣ ಆಗುತ್ತದೆ.

ಸೊಲ್ಲು:
ಒಪ್ಪಿದೆ. ಮಣಿಕಟ್ಟು ಕೂಡ ಅಚ್ಚಗನ್ನಡ. ಮಣಿ ಅಂದರೆ ಬಾಗು, ಕಯ್ ಮಣಿಯುವ ಕಟ್ಟು.

ಹಳೇ ಮೇಷ್ಟ್ರು:
ಸಂಸ್ಕೃತದ ಮಣಿಬಂಧ. ಸುಮ್ನೆ ಇರಿ.